ಸುಟ್ಟ ಇಳಿಜಾರಿನ ಮಣ್ಣು ಅಳೆಯುವ ಕೆಲಸ: ಬೀದರ್ ಅಂಚಿನಿಂದ, ಆರಿದ್ರಾ ಮಳೆಯವರೆಗೆ

ಬೀದರ್ ಪ್ರಸ್ಥಭೂಮಿ ಕೆಳಗಿಳಿಯುವ ಅಂಚು. ಮೇಲೆ ಜಂಬಿಟ್ಟಿಗೆ ಕಲ್ಲು, ಅದರ ಮೇಲೆ ತೆಳ್ಳಗೆ ಗರಸು ಬೆರೆತ ಕೆಂಪು ಮಣ್ಣು, ಬುಡದಲ್ಲಿ ಎರೆ ಹೊಲಗಳು. ಹುಲ್ಲು, ತಂಗಡಿ ಗಿಡ ಎಲ್ಲ ಬೇಸಿಗೆಯ ಬೆಂಕಿಗೆ ಹೋಗಿವೆ. ಬೆಂಕಿ ಬಂಡಿ ದಾರಿಯಲ್ಲಿ ನಿಂತಿದ್ದರಿಂದ ದಾರಿಯಾಚೆ ಅದೇ ಇಳಿಜಾರು ಸುಡದೆ ಉಳಿದಿದೆ. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಇದು ಖಾಸಗಿ ಹುಲ್ಲುಗಾವಲು, ಮಾಲೀಕರ ಒಪ್ಪಿಗೆ ಸಾಕು. ಚಿಂಚೋಳಿ ವನ್ಯಜೀವಿಧಾಮದಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವ ಹಾಗಿಲ್ಲ.

ಪ್ರಶ್ನೆ ಒಂದೇ: ಮಣ್ಣು ಕೊಚ್ಚಿ ಹೋಗುವುದು ಬೆಂಕಿಯ ಕಾವು ಮಣ್ಣನ್ನು ಕೆಡಿಸಿದ್ದರಿಂದಲೋ, ನೆಲ ಬತ್ತಲಾಗಿದ್ದರಿಂದಲೋ?

ರೋಹಿಣಿಗೆ ಮೊದಲು: ಪಟ್ಟಿಗಳು

2.5 ಮೀಟರ್ ಅಗಲ, 8 ಮೀಟರ್ ಉದ್ದದ ಮೂರು ಪಟ್ಟಿ, ಒಂದೊಂದೂ 20 ಚದರ ಮೀಟರ್. ಮೊದಲನೆಯದು ಸುಟ್ಟು ಬತ್ತಲಾದದ್ದು, ಎರಡನೆಯದು ಸುಟ್ಟ ಮೇಲೆ ಹೊದಿಕೆ ಹಾಕಿದ್ದು, ಮೂರನೆಯದು ಸುಡದೇ ಇದ್ದದ್ದು. ಲೆವೆಲ್ ಪೈಪ್ ಹಿಡಿದು ಮೂರಕ್ಕೂ ಒಂದೇ ಇಳಿಜಾರು ಆರಿಸಲಾಗಿದೆ: 8 ಮೀಟರಿಗೆ ಸುಮಾರು 1.2 ಮೀಟರ್ ಇಳಿತ. ಇದರಲ್ಲಿ ವ್ಯತ್ಯಾಸವಾದರೆ ಮುಂದಿನ ಲೆಕ್ಕವೆಲ್ಲ ದಂಡ.

ಅಂಚಿಗೆ 20 ಸೆಂ.ಮೀ. ಅಗಲದ ತಗಡು, ಅದರಲ್ಲಿ 10 ಸೆಂ.ಮೀ. ನೆಲದೊಳಗೆ. ಮೇಲಿನ ಅಂಚಿಗೂ ತಗಡು ಬೇಕೇ ಬೇಕು, ಇಲ್ಲದಿದ್ದರೆ ಮೇಲಿನ ಗುಡ್ಡದ ನೀರೆಲ್ಲ ಪಟ್ಟಿಗೆ ನುಗ್ಗುತ್ತದೆ. ಸುತ್ತ ಜಾಲಿ ಮುಳ್ಳು. ಕುರಿ ಒಮ್ಮೆ ಹಾದುಹೋದರೂ ಬೂದಿಯ ಪದರ ಕದಡುತ್ತದೆ.

ಕೆಳತುದಿಯಲ್ಲಿ ಮಣ್ಣು ಹಿಡಿಯುವ ತಡಿಕೆ. ಹಸಿರು ಶೇಡ್ ನೆಟ್ ಇದಕ್ಕೆ ಬರುವುದಿಲ್ಲ, ಸಣ್ಣ ಮಣ್ಣು ಅದರೊಳಗಿಂದ ಸೋರಿಹೋಗುತ್ತದೆ. ತೊಳೆದು ಬಿಚ್ಚಿದ ಗೊಬ್ಬರದ ಪ್ಲಾಸ್ಟಿಕ್ ಚೀಲದ ಹೆಣಿಗೆ ಬಿಗಿ. ಬಟ್ಟೆಯ ಕೆಳಗಿನ ಅಂಚನ್ನು 15 ಸೆಂ.ಮೀ. ಆಳದ ಕಾಲುವೆಯಲ್ಲಿ ಹೂತು ತುಳಿಯಬೇಕು. ತಡಿಕೆ ಕೆಡುವುದು ಸಾಮಾನ್ಯವಾಗಿ ಬುಡದಲ್ಲೇ: ಅಲ್ಲಿ ನೀರು ಬೆರಳಷ್ಟು ದಾರಿ ಮಾಡಿಕೊಂಡರೆ ಒಂದೇ ಮಳೆಗೆ ಮಣ್ಣೆಲ್ಲ ಅಡಿಯಿಂದ ಜಾರಿ ಹೋಗುತ್ತದೆ, ಮೇಲಿಂದ ನೋಡಿದರೆ ತಡಿಕೆ ನೆಟ್ಟಗೇ ಕಾಣುತ್ತದೆ.

ಹನಿ ಪರೀಕ್ಷೆ

ಬೆಂಕಿ ಬಿದ್ದ ನೆಲ ನೀರು ಕುಡಿಯುವುದಿಲ್ಲ ಎಂಬ ಮಾತಿದೆ. ಎಲೆ, ಕಸ ಸುಡುವಾಗ ಏಳುವ ಮೇಣದಂಥ ಆವಿ ಮಣ್ಣಿನೊಳಗೆ ಇಳಿದು, ತಣ್ಣಗಿನ ಪದರದಲ್ಲಿ ಕಣಗಳಿಗೆ ಅಂಟುತ್ತದೆ. ಮಣ್ಣಿನ ಕಾವು ಸುಮಾರು 175ರಿಂದ 200 ಡಿಗ್ರಿ ಸೆಲ್ಸಿಯಸ್ ಇದ್ದಾಗ ಈ ಪದರ ಗಟ್ಟಿಯಾಗುತ್ತದೆ, 280 ದಾಟಿದರೆ ತಾನೇ ಸುಟ್ಟುಹೋಗುತ್ತದೆ.

ಪರೀಕ್ಷೆ ಸುಲಭ. ಒಣ ದಿನ ಬೂದಿ ಕೆರೆದು ತೆಗೆದು, ಡ್ರಾಪರಿನಿಂದ ಶುದ್ಧ ನೀರಿನ ಹನಿ ಬಿಟ್ಟು ಗಡಿಯಾರ ನೋಡಬೇಕು. 5 ಸೆಕೆಂಡಿನೊಳಗೆ ಇಂಗಿದರೆ ತೊಂದರೆ ಇಲ್ಲ, 60 ದಾಟಿದರೆ ಪದರ ಬಲವಾಗಿದೆ. ಮೇಲ್ಮೈ, 1 ಸೆಂ.ಮೀ., 2 ಸೆಂ.ಮೀ., 3 ಸೆಂ.ಮೀ. ಹೀಗೆ ಕೆರೆಯುತ್ತ ಹೋಗಬೇಕು. ಬೂದಿಯ ಮೇಲೆಯೇ ಹನಿ ಬಿಟ್ಟರೆ ಬೂದಿ ಕುಡಿಯುತ್ತದೆ, ಮಣ್ಣಿನ ಗುಟ್ಟು ತಿಳಿಯುವುದಿಲ್ಲ.

ಹುಲ್ಲು ಸುಟ್ಟ ಕಡೆಯೆಲ್ಲ ಹನಿ ತಟ್ಟನೆ ಇಂಗಿತು. ಹುಲ್ಲಿನ ಬೆಂಕಿ ಓಡುವ ಬೆಂಕಿ, ಕಾವು ಒಂದೆರಡು ಸೆಂಟಿಮೀಟರ್‌ಗಿಂತ ಕೆಳಗೆ ಇಳಿಯುವುದೇ ಕಡಿಮೆ. ಹನಿ ಮುತ್ತಿನಂತೆ ನಿಂತದ್ದು ಒಣ ಬೊಡ್ಡೆಯೊಂದು ತಾಸುಗಟ್ಟಲೆ ಕೆಂಡವಾಗಿ ಉರಿದ ಜಾಗದ ಅಂಚಿನಲ್ಲಿ ಮಾತ್ರ. ಆ ಜಾಗದ ನಡುವೆ ಮಣ್ಣು ಇಟ್ಟಿಗೆಬಣ್ಣಕ್ಕೆ ತಿರುಗಿದೆ, ಅಲ್ಲಿ ಪದರವೂ ಸುಟ್ಟಿದೆ. ಇಡೀ ಗುಡ್ಡದಲ್ಲಿ ಇಂಥ ಜಾಗ ಅಲ್ಲೊಂದು ಇಲ್ಲೊಂದು. ಜಂಬಿಟ್ಟಿಗೆ ಹೇಗೂ ನೀರು ಇಂಗಿಸುವ ಕಲ್ಲು, ನೌಬಾದಿನ ಸುರಂಗ ಬಾವಿಗೆ ನೀರು ಬಂದದ್ದೇ ಆ ಗುಣದಿಂದ. ಹಾಗಾಗಿ ಈ ಇಳಿಜಾರಿನಲ್ಲಿ ದೋಷವನ್ನು ಮೇಣದ ಪದರದ ಮೇಲೆ ಹೊರಿಸಲು ಬರುವುದಿಲ್ಲ.

ಹೊದಿಕೆ

ಹೊಟ್ಟು, ಹುಲ್ಲಿನಂಥ ಹಗುರ ಹೊದಿಕೆಗೆ ಹೆಕ್ಟೇರಿಗೆ 2 ಟನ್ ಎಂಬ ಲೆಕ್ಕ ಚಾಲ್ತಿಯಲ್ಲಿದೆ, ಅಂದರೆ ನಮ್ಮ ಪಟ್ಟಿಗೆ 4 ಕೆ.ಜಿ. ತೊಗರಿ ಕಟ್ಟಿಗೆಗೆ ಈ ತೂಕ ಹೊಂದುವುದಿಲ್ಲ. ಕಟ್ಟಿಗೆ ಭಾರ, 4 ಕೆ.ಜಿ. ಹರಡಿದರೆ ನೆಲ ಅರ್ಧವೂ ಮುಚ್ಚುವುದಿಲ್ಲ. ತೂಕ ಬಿಟ್ಟು ಮುಚ್ಚಿದ ಪಾಲು ನೋಡಬೇಕು: ನೂರಕ್ಕೆ 60ರಿಂದ 70. 10 ಸೆಂ.ಮೀ.ಗೊಂದು ಗಂಟು ಹಾಕಿದ ದಾರ ಎಳೆದು, 100 ಗಂಟುಗಳಲ್ಲಿ ಎಷ್ಟು ಹೊದಿಕೆಯ ಮೇಲೆ ಬಿದ್ದವು ಎಂದು ಎಣಿಸಿದರೆ ಆಯಿತು.

ಜೋಳದ ಕಣಿಕೆ ದನದ ಬಾಯಿಗೆ ಹೋಗುವ ಮಾಲು, ಗುಡ್ಡಕ್ಕೆ ಹಾಸಲು ಯಾರೂ ಕೊಡುವುದಿಲ್ಲ. ತೊಗರಿ ಹೊಟ್ಟು ಅಗ್ಗ, ಆದರೆ ನೀರಿಗೆ ತೇಲಿ ತಡಿಕೆಯ ಕಣ್ಣು ಮುಚ್ಚುತ್ತದೆ. ಕೊನೆಗೆ ಉಳಿಯುವುದು ಕಟ್ಟಿಗೆಯೇ. ಅದನ್ನು ಗೇಣುದ್ದ ಕತ್ತರಿಸಿ, ಇಳಿಜಾರಿಗೆ ಅಡ್ಡಲಾಗಿ ಹಾಸಿ, ಕಾಲಿನಿಂದ ಒತ್ತಬೇಕು. ನೆಲಕ್ಕೆ ತಾಗದೆ ಎತ್ತರದಲ್ಲಿ ನಿಂತ ಕಡ್ಡಿಯಡಿ ನೀರು ಆರಾಮಾಗಿ ಹರಿಯುತ್ತದೆ. ಉದ್ದಕ್ಕೆ ಹಾಸಿದರೆ ಇನ್ನೂ ಕೆಟ್ಟದ್ದು, ಕಡ್ಡಿಯೇ ಕಾಲುವೆಗೆ ದಾರಿ ತೋರಿಸುತ್ತದೆ.

ಮೊಳೆ

ನೆಲ ಎಲ್ಲಿ ಎಷ್ಟು ಸವೆಯಿತೆಂದು ನೋಡಲು 30 ಸೆಂ.ಮೀ. ಕಬ್ಬಿಣದ ಸರಳುಗಳನ್ನು ಮೊಳೆಯಂತೆ, 5 ಸೆಂ.ಮೀ. ಮೇಲೆ ಬಿಟ್ಟು ಹೊಡೆಯಲಾಗಿದೆ. ಗರಸು ಅಡ್ಡ ಬಂದು ಸರಳು ವಾಲಿದರೆ ಕಿತ್ತು ಪಕ್ಕಕ್ಕೆ ಹೊಡೆಯುವುದೇ ಸರಿ. ಅಳತೆ ತೆಗೆಯುವುದು ಸರಳಿನ ಎಡಬಲದಲ್ಲಿ: ಮೇಲುಗಡೆ ಮಣ್ಣು ಒತ್ತರಿಸುತ್ತದೆ, ಕೆಳಗಡೆ ಗುಂಡಿ ಬೀಳುತ್ತದೆ. ವಾಷರನ್ನು ಅಳೆಯುವಾಗ ಮಾತ್ರ ತೊಡಿಸಬೇಕು. ಅಲ್ಲೇ ಬಿಟ್ಟರೆ ವಾಷರಿನಡಿಯ ಮಣ್ಣು ಹನಿಪೆಟ್ಟು ತಪ್ಪಿಸಿಕೊಂಡು ದಿಣ್ಣೆಯಾಗಿ ನಿಲ್ಲುತ್ತದೆ.

ಮೊದಲ ತುಂತುರಿಗೆ ಬೂದಿ ಕುಸಿಯುತ್ತದೆ, ಸರಳು ಎದ್ದಂತೆ ಕಾಣುತ್ತದೆ. ಅದು ಸವಕಳಿಯಲ್ಲ. ಶೂನ್ಯದ ಅಳತೆಯನ್ನು ಬೂದಿ ಕೂತ ಮೇಲೆ ತೆಗೆಯಬೇಕು.

ನಿಜ ಹೇಳಬೇಕೆಂದರೆ ಸರಳಿನ ಮೇಲೆ ಹೆಚ್ಚು ಭರವಸೆ ಇಡುವಂತಿಲ್ಲ. 1 ಮಿ.ಮೀ. ಮಣ್ಣು ಹೋದರೆ ಹೆಕ್ಟೇರಿಗೆ 10 ಘನ ಮೀಟರ್, ಸುಮಾರು 13 ಟನ್. ನಮ್ಮ ದೇಶದಲ್ಲಿ ಸಹಿಸಬಹುದಾದ ವಾರ್ಷಿಕ ನಷ್ಟವೆಂದು ಸಾಮಾನ್ಯವಾಗಿ ಹಿಡಿಯುವ 11.2 ಟನ್ನಿನ ಮಿತಿ ಅಷ್ಟರಲ್ಲೇ ದಾಟಿತು, ಸ್ಕೇಲಿಗೆ ಮಾತ್ರ ಅದು ಒಂದು ಗೆರೆ. ತಡಿಕೆಯಲ್ಲಿ ಸಿಕ್ಕ 1 ಕೆ.ಜಿ. ಒಣ ಮಣ್ಣು ಹೆಕ್ಟೇರಿಗೆ ಅರ್ಧ ಟನ್. ಲೆಕ್ಕಕ್ಕೆ ತಡಿಕೆ, ಎಲ್ಲಿ ಹೋಯಿತೆಂದು ತಿಳಿಯಲು ಸರಳು.

ಮಿರಗ, ಆರಿದ್ರಾ

ಮಳೆ ಅಳೆಯಲು 16 ಸೆಂ.ಮೀ. ವ್ಯಾಸದ ಲಾಳಿಕೆ, ಕೆಳಗೆ ಕ್ಯಾನು: 20 ಮಿ.ಲೀ. ಬಂದರೆ 1 ಮಿ.ಮೀ. ಮಳೆ. ಬರೀ ಮೊತ್ತ ಬರೆದರೆ ಸಾಲದು, ಶುರುವಾದ ಮತ್ತು ನಿಂತ ಹೊತ್ತೂ ಬೇಕು. ಇಡೀ ದಿನದ ಜಿಟಿಜಿಟಿಗೆ ಏನೂ ಆಗುವುದಿಲ್ಲ. ಅರ್ಧ ತಾಸು ಗುಡುಗಿ ಸುರಿದರೆ ಬತ್ತಲು ಪಟ್ಟಿಯಿಂದ ಮೊದಲು ಕಪ್ಪು ನೀರು, ಹಿಂದೆಯೇ ಕೆಂಪು ನೀರು. ಕಪ್ಪಿನಲ್ಲಿ ಹೋಗುವುದು ಬೂದಿಯ ಸುಣ್ಣ, ಪೊಟ್ಯಾಶ್. ಸಾರಜನಕದ ಬಹುಪಾಲು ಹುಲ್ಲು ಉರಿಯುವಾಗಲೇ ಗಾಳಿಪಾಲು.

ಹೊದಿಕೆಯ ಪಟ್ಟಿಯೂ ಸುಟ್ಟದ್ದೇ, ಆದರೂ ಅದರ ತಡಿಕೆಗೆ ಬಿದ್ದ ಮಣ್ಣಿನ ಪ್ರಮಾಣ ಸುಡದ ಪಟ್ಟಿಯದಕ್ಕೆ ಹತ್ತಿರವಿದೆ, ಬತ್ತಲು ಪಟ್ಟಿಯದಕ್ಕಲ್ಲ. ಪ್ರಶ್ನೆಗೆ ಈವರೆಗಿನ ಉತ್ತರ ಇದೇ: ನೆಲ ಬತ್ತಲಾಗಿದ್ದರಿಂದ. ಬತ್ತಲು ಪಟ್ಟಿಯಲ್ಲಿ ಈಗ ಗರಸು ಮೇಲೆದ್ದು ನೆಲಕ್ಕೆ ಕಲ್ಲಿನ ಹೊದಿಕೆಯಾಗಿದೆ, ಸಣ್ಣ ಮಣ್ಣು ಮೊದಲ ಜೋರು ಮಳೆಗಳಲ್ಲೇ ಇಳಿದುಹೋಗಿದೆ. ಇನ್ನು ಮುಂದೆ ತಡಿಕೆಗೆ ಬರುವ ಮಣ್ಣು ಕಡಿಮೆಯಾದರೆ ನೆಲ ಚೇತರಿಸಿತು ಎಂದು ಓದಬಾರದು.

ಬಾಕಿ ಕೆಲಸ: ಪ್ರತಿ ತಡಿಕೆಯ ಮಣ್ಣನ್ನು ಹಸಿಯಾಗಿ ತೂಗಿ, ಅದರಲ್ಲಿ 500 ಗ್ರಾಂ ಅನ್ನು 105 ಡಿಗ್ರಿಯಲ್ಲಿ 24 ತಾಸು ಒಣಗಿಸಿ ಒಣತೂಕಕ್ಕೆ ಇಳಿಸುವುದು. ಪುನರ್ವಸುಗೆ ಮೊದಲು ಬತ್ತಲು ಪಟ್ಟಿಯ ಎಡಗಡೆ ತಗಡಿನಡಿ ಕೊರೆದ ಕೊರಕಲನ್ನು ಎರೆಮಣ್ಣು ತುಂಬಿ ಧಮ್ಮಸ್ಸು ಮಾಡುವುದು.