ಆರ್ ಭಾಷೆಯಲ್ಲಿ ಹಲವು ಕಾಲಂಗಳಿಗೆ ಒಂದೇ ಫಂಕ್ಷನ್

ದತ್ತಾಂಶ ವಿಶ್ಲೇಷಣೆಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆಯಾದ ಆರ್ ಜೊತೆಗೇ ಬರುವ ‘ಏರ್‌ಕ್ವಾಲಿಟಿ’ ಡೇಟಾ ಫ್ರೇಮಿನಲ್ಲಿ (ಸಾಲು-ಕಾಲಂಗಳ ಕೋಷ್ಟಕದಲ್ಲಿ) 1973ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನ್ಯೂಯಾರ್ಕಿನಲ್ಲಿ ದಾಖಲಿಸಿದ ಗಾಳಿಯ ಗುಣಮಟ್ಟದ 153 ಸಾಲುಗಳಿವೆ. ಓಝೋನ್, ಸೌರ ವಿಕಿರಣ, ಗಾಳಿಯ ವೇಗ, ಉಷ್ಣಾಂಶ ಇವುಗಳ ಸರಾಸರಿಗಾಗಿ ನಾನು ಮೊದಮೊದಲು ಒಂದೊಂದು ಕಾಲಂಗೂ ಪ್ರತ್ಯೇಕ ಕೋಡ್ ಬರೆಯುತ್ತಿದ್ದೆ. ಒಮ್ಮೆ ಹೆಸರು ಬದಲಿಸಲು ಮರೆತು ಒಂದೇ ಕಾಲಂನ ಸರಾಸರಿಯನ್ನು ಎರಡು ಕಡೆ ದಾಖಲಿಸಿದ ಮೇಲೆ ಆ ಪದ್ಧತಿಯನ್ನು ಕೈಬಿಟ್ಟೆ.

ಡೇಟಾ ಫ್ರೇಮ್ ಎಂಬುದು ಮೂಲತಃ ಸಮಾನ ಉದ್ದದ ಕಾಲಂಗಳ ಲಿಸ್ಟ್ ಆಗಿರುವುದರಿಂದ, ಲಿಸ್ಟಿನ ಪ್ರತಿ ಅಂಶಕ್ಕೂ ಫಂಕ್ಷನ್ ಅನ್ವಯಿಸುವ ‘ಎಲ್‌ಅಪ್ಲೈ’ ಮತ್ತು ‘ಎಸ್‌ಅಪ್ಲೈ’ ಇಲ್ಲಿ ನೇರವಾಗಿ ಕೆಲಸ ಮಾಡುತ್ತವೆ. ಮೊದಲನೆಯದು ಲಿಸ್ಟನ್ನೇ ಹಿಂದಿರುಗಿಸಿದರೆ, ಎರಡನೆಯದು ಸಾಧ್ಯವಾದಾಗ ಸರಳ ವೆಕ್ಟರ್ (ಒಂದೇ ಬಗೆಯ ಮೌಲ್ಯಗಳ ಸರಣಿ) ಕೊಡುತ್ತದೆ. ಓಝೋನ್ ಕಾಲಂನಲ್ಲಿ 37 ದಿನಗಳ ಅಳತೆ ಇಲ್ಲ, ಆದ್ದರಿಂದ ಇಲ್ಲದ ಮೌಲ್ಯಗಳನ್ನು ಬಿಟ್ಟು ಲೆಕ್ಕ ಹಾಕಲು ಹೇಳುವ ‘ಎನ್‌ಎ.ಆರ್‌ಎಂ’ಗೆ ‘ಟ್ರೂ’ ಎಂದು ಕೊಟ್ಟರೆ ಮಾತ್ರ ಸರಾಸರಿ 42.13 ಎಂದು ಸಿಗುತ್ತದೆ, ಇಲ್ಲದಿದ್ದರೆ ‘ಎನ್‌ಎ’ (ಮೌಲ್ಯ ಲಭ್ಯವಿಲ್ಲ) ಎಂದಷ್ಟೇ ಬರುತ್ತದೆ.

ಬರಿಯ ‘ಅಪ್ಲೈ’ ಬಳಸುವಾಗ ಎಚ್ಚರ ಬೇಕು. ಅದು ಡೇಟಾ ಫ್ರೇಮನ್ನು ಮೊದಲು ಮ್ಯಾಟ್ರಿಕ್ಸ್ ಆಗಿ ಮಾರ್ಪಡಿಸುತ್ತದೆ, ಮ್ಯಾಟ್ರಿಕ್ಸಿನಲ್ಲಿ ಒಂದೇ ಬಗೆಯ ದತ್ತಾಂಶವಿರಬೇಕು. ಹೀಗಾಗಿ ಹೂಗಳ ಅಳತೆಗಳಿರುವ ‘ಐರಿಸ್’ ಡೇಟಾದಲ್ಲಿ ಪ್ರಭೇದದ ಹೆಸರಿನ ಒಂದೇ ಒಂದು ಕಾಲಂ ಇದ್ದರೂ ಉಳಿದ ನಾಲ್ಕು ಸಂಖ್ಯಾ ಕಾಲಂಗಳೂ ಅಕ್ಷರರೂಪಕ್ಕೆ ತಿರುಗಿ, ಸರಾಸರಿಯ ಜಾಗದಲ್ಲೆಲ್ಲ ‘ಎನ್‌ಎ’ ಕಾಣಿಸುತ್ತದೆ. ‘ಈಸ್.ನ್ಯೂಮೆರಿಕ್’ ಮೂಲಕ ಸಂಖ್ಯಾ ಕಾಲಂಗಳನ್ನು ಮೊದಲೇ ಆರಿಸಿಕೊಳ್ಳುವುದು ಸುರಕ್ಷಿತ ಮಾರ್ಗ.

2020ರಲ್ಲಿ ಬಂದ ‘ಡಿಪ್ಲೈಯರ್’ ಪ್ಯಾಕೇಜಿನ (ಆರ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ಫಂಕ್ಷನ್‌ಗಳ ಕಟ್ಟು) 1.0.0 ಆವೃತ್ತಿಯ ‘ಅಕ್ರಾಸ್’ ಫಂಕ್ಷನ್ ಈ ಆಯ್ಕೆಯನ್ನೂ ಲೆಕ್ಕವನ್ನೂ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಗುಂಪುವಾರು ಸರಾಸರಿಗೆ ನಾನು ಅದನ್ನೇ ಬಳಸುತ್ತೇನೆ.