ಹಾರುವ ಹಳೆಯ ಯುದ್ಧವಿಮಾನಗಳ ಲೆಕ್ಕ

ಹಳೆಯ ಯುದ್ಧವಿಮಾನವೊಂದನ್ನು ಸಂಗ್ರಹಾಲಯದಲ್ಲಿ ನಿಲ್ಲಿಸಿಡುವುದಕ್ಕೂ ಹಾರುವ ಸ್ಥಿತಿಯಲ್ಲಿ ಉಳಿಸಿಕೊಳ್ಳುವುದಕ್ಕೂ ಎಷ್ಟು ಅಂತರವಿದೆಯೆಂಬುದು ಬ್ರಿಟನ್ನಿನ ವಲ್ಕನ್ ಬಾಂಬರ್ ಎಕ್ಸ್‌ಎಚ್558ರ ಕತೆ ಓದುವವರೆಗೆ ನನಗೆ ಸರಿಯಾಗಿ ಅರಿವಾಗಿರಲಿಲ್ಲ. ಸಾರ್ವಜನಿಕರ ದೇಣಿಗೆ ಮತ್ತು ಲಾಟರಿ ನಿಧಿಯ ನೆರವಿನಿಂದ ದುರಸ್ತಿಗೊಂಡು 2007ರ ಅಕ್ಟೋಬರಿನಲ್ಲಿ ಮತ್ತೆ ಆಕಾಶಕ್ಕೇರಿದ ಆ ವಿಮಾನದ ನಾಲ್ಕು ಎಂಜಿನ್‌ಗಳಲ್ಲಿ ಎರಡು, 2012ರಲ್ಲಿ ನೆಲದ ಮೇಲಿರುವಾಗಲೇ ಹಾಳಾದವು. ಕಾರಣ, ತೇವ ಹೀರಲೆಂದು ಒಳಗಿಟ್ಟು ತೆಗೆಯದೆ ಬಿಟ್ಟಿದ್ದ ಸಿಲಿಕಾ ಜೆಲ್ ಚೀಲಗಳು. (ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಕ್ಕರೆ ನಾವು ಎಸೆದುಬಿಡುವ ಪೊಟ್ಟಣದ ಜಾತಿಯವೇ.) ಅಂಥ ಎಂಜಿನ್‌ಗಳನ್ನು ಈಗ ಯಾರೂ ತಯಾರಿಸುವುದಿಲ್ಲವಾದ್ದರಿಂದ, ಉಗ್ರಾಣದಲ್ಲಿ ಉಳಿದಿರುವಷ್ಟೇ ಆಸ್ತಿ. ಕೊನೆಗೆ 2015ರಲ್ಲಿ ಅದರ ಹಾರಾಟ ನಿಂತದ್ದು ಹಣದ ಕೊರತೆಯೊಂದರಿಂದಲ್ಲ. ತಾಂತ್ರಿಕ ಹೊಣೆ ಹೊತ್ತಿದ್ದ ಕಂಪನಿಗಳು ಬೆಂಬಲವನ್ನು ಹಿಂತೆಗೆದುಕೊಂಡವು.

ಇಷ್ಟೆಲ್ಲ ಖರ್ಚು ಏಕೆಂದು ಕೇಳುವವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೂ ಹನ್ನೆರಡು ಸಿಲಿಂಡರುಗಳ, 27 ಲೀಟರ್ ಗಾತ್ರದ, ಎರಡನೇ ಮಹಾಯುದ್ಧ ಕಾಲದ ವಿಮಾನಗಳ ಮರ್ಲಿನ್ ಎಂಜಿನ್ ಮೊದಲು ಕೆಮ್ಮಿ, ಹೊಗೆಯುಗುಳಿ, ಆಮೇಲೆ ಒಂದೇ ಹದದ ಗುಡುಗಾಗುವ ಸದ್ದನ್ನು ಧ್ವನಿಮುದ್ರಣದಲ್ಲಿ ಕೇಳಿದಾಗಲೂ ನನ್ನ ಲೆಕ್ಕಾಚಾರ ಸಡಿಲವಾಗುತ್ತದೆ. ಅಂಥ ನಾಲ್ಕು ಎಂಜಿನ್‌ಗಳನ್ನು ಹೊತ್ತ, ಅದೇ ಯುದ್ಧದ ಬ್ರಿಟಿಷ್ ಬಾಂಬರ್‌ಗಳಾದ ಲ್ಯಾಂಕಾಸ್ಟರ್‌ಗಳು ಏಳು ಸಾವಿರಕ್ಕೂ ಮಿಕ್ಕಿ ತಯಾರಾಗಿದ್ದವು. ಹಾರಬಲ್ಲ ಸ್ಥಿತಿಯಲ್ಲಿ ಉಳಿದಿರುವುದು ಬ್ರಿಟನ್ನಿನಲ್ಲೊಂದು, ಕೆನಡಾದಲ್ಲೊಂದು.