ಎಚ್‌ಐವಿ ಇರುವ ತಾಯಿ: ಎದೆಹಾಲೋ, ಡಬ್ಬಿ ಹಾಲೋ?

ತಾಯಿಗೆ ಎಚ್‌ಐವಿ ಇದ್ದರೆ ಎದೆಹಾಲು ಬೇಡವೇ ಬೇಡ ಅನ್ನುವ ಮಾತು ಈಗಲೂ ಕಿವಿಗೆ ಬೀಳುತ್ತದೆ. ಅದು ಹಳೆಯ ಮಾತು. ತಾಯಿ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ) ಮಾತ್ರೆಯನ್ನು ಒಂದು ದಿನವೂ ತಪ್ಪದೆ ನುಂಗಿ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಪತ್ತೆಯಾಗದಷ್ಟು ಇಳಿದಿದ್ದರೆ ಹಾಲಿನಿಂದ ಸೋಂಕು ಹರಡುವ ಸಾಧ್ಯತೆ ಶೇ. 1ಕ್ಕಿಂತ ಕಡಿಮೆ. ಸೊನ್ನೆ ಮಾತ್ರ ಅಲ್ಲ.

ಡಬ್ಬಿ ಹಾಲಿಗೂ ಅದರದೇ ಅಪಾಯವಿದೆ. 2006ರ ಆರಂಭದಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಭಾರೀ ಮಳೆಯ ನಂತರ ಭೇದಿ ಹಬ್ಬಿದಾಗ ಹೆಚ್ಚು ನರಳಿದ್ದು ಎದೆಹಾಲು ಕುಡಿಯದ ಕೂಸುಗಳೇ. ಡಬ್ಬಿ ಹಾಲೇ ಸರಿ ಅಂತಾದರೆ, ಕುದಿಸಿದ ನೀರನ್ನು ಅರ್ಧ ಗಂಟೆಯೊಳಗೆ, ಇನ್ನೂ 70 ಡಿಗ್ರಿಗಿಂತ ಬಿಸಿಯಿರುವಾಗಲೇ ಅಳೆದು ಬಾಟಲಿಗೆ ಹಾಕಿ, ಆಮೇಲೆ ಪುಡಿ ಬೆರೆಸಬೇಕು. ಪುಡಿಯಲ್ಲೇ ಕ್ರಿಮಿ ಇರಬಹುದು, ಆ ಬಿಸಿಗೆ ಅದು ಸಾಯುತ್ತದೆ. ಆರಿಸಿ ಕುಡಿಸಿ, 2 ಗಂಟೆಯೊಳಗೆ ಮುಗಿಯದ್ದನ್ನು ಚೆಲ್ಲಿ. ಡಬ್ಬಿ ಇನ್ನೆರಡು ದಿನ ಬರಲಿ ಅಂತ ಒಂದು ಚಮಚ ಕಡಿಮೆ ಹಾಕುವುದು ತೀರಾ ಸಾಮಾನ್ಯ ತಪ್ಪು. ಮಗುವಿನ ತೂಕ ಏರದೆ ನಿಂತುಬಿಡುತ್ತದೆ.

ಎರಡನ್ನೂ ಬೆರೆಸಿದರೆ? ದಕ್ಷಿಣ ಆಫ್ರಿಕಾದ ಡರ್ಬನ್‌ನ ಸಂಶೋಧಕರು 1999ರಲ್ಲೇ ತೋರಿಸಿದ್ದರು: ಮೊದಲ 3 ತಿಂಗಳು ಬರೀ ಎದೆಹಾಲು ಕುಡಿದವರಿಗಿಂತ ನೀರು, ಬೇರೆ ಹಾಲು, ಗಂಜಿ ಬೆರೆತವರಲ್ಲೇ ಸೋಂಕು ಹೆಚ್ಚು. ಆಗಿನ್ನೂ ತಾಯಂದಿರಿಗೆ ಈಗಿನಂಥ ಚಿಕಿತ್ಸೆ ಇರಲಿಲ್ಲ. ಹೊರಗಿನ ಆಹಾರ ಎಳೆಯ ಕರುಳಿನ ಒಳಪದರವನ್ನು ಕೆರಳಿಸಿ ವೈರಸ್‌ಗೆ ದಾರಿ ಬಿಡುತ್ತದೆ ಅನ್ನುವುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಹಾಗಂತ ಒಮ್ಮೆ ನೀರು ಕುಡಿಸಿಬಿಟ್ಟೆ ಅಂತ ಎದೆಹಾಲನ್ನೇ ಬಿಡಿಸಬೇಕಿಲ್ಲ. ಮಾತ್ರೆ ನಡೆಯುತ್ತಿದ್ದರೆ ಎದೆಹಾಲು ಮುಂದುವರಿಯಲಿ ಅನ್ನುವುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಮೊಲೆತೊಟ್ಟು ಬಿರಿದು ರಕ್ತ ಒಸರಿದರೆ, ಎದೆ ಕೆಂಪಾಗಿ ಗಟ್ಟಿಯಾದರೆ ಆ ಕಡೆ ಕುಡಿಸಬೇಡಿ. ಹಾಲು ಹಿಂಡಿ ತೆಗೆಯುತ್ತಿರಿ, ಇನ್ನೊಂದು ಕಡೆ ಕುಡಿಸಿ. ಬಿರುಕಿಗೆ ಕಾರಣ ಬಹುಪಾಲು ಒಂದೇ: ಮಗು ತೊಟ್ಟನ್ನಷ್ಟೇ ಚೀಪುತ್ತಿರುತ್ತದೆ. ಬಾಯಿ ಅಗಲವಾಗಿ ತೆರೆದು, ಗದ್ದ ಎದೆಗೆ ತಾಗಿ, ಕೆಳಗಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಮಗುವಿನ ಬಾಯಲ್ಲಿ ಅಗ್ರ (ಬಿಳಿ ಮಚ್ಚೆ) ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಎದೆಹಾಲು ಬಿಡಿಸುವಾಗ ಒಂದೇ ದಿನಕ್ಕೆ ನಿಲ್ಲಿಸಬಾರದು, ಒಂದು ತಿಂಗಳು ಹಿಡಿಯಲಿ. ದಿಢೀರ್ ನಿಲ್ಲಿಸಿದರೆ ಎದೆ ಕಟ್ಟಿ, ಹಾಲಿನಲ್ಲಿ ವೈರಸ್ ಏರುತ್ತದೆ. ಮಗುವಿಗೆ 6 ವಾರಕ್ಕೆ ಮಾಡಿಸಿದ ಪಿಸಿಆರ್ (ರಕ್ತದಲ್ಲಿ ವೈರಸ್ಸನ್ನೇ ಹುಡುಕುವ ಪರೀಕ್ಷೆ) ನೆಗೆಟಿವ್ ಬಂತೆಂದು ಪರೀಕ್ಷೆ ಮುಗಿಯಿತು ಅಂದುಕೊಳ್ಳಬೇಡಿ. ಕೊನೆಯ ಪರೀಕ್ಷೆ 18 ತಿಂಗಳಿಗೆ, ಇಲ್ಲವೇ ಹಾಲು ಬಿಡಿಸಿ 3 ತಿಂಗಳಾದ ಮೇಲೆ. ಎರಡರಲ್ಲಿ ಯಾವುದು ತಡವೋ ಅದು.